ಮ್ಯಿಂಜಾ ರಾಜ್ಯದ ಕೊನೆಯ ಐದು ವಿಜಯಗಳು

ಐರಾವತಿ ನದಿಯ ಮೇಲ್ದಂಡೆಯ ಮ್ಯಿಂಜಾ ರಾಜ್ಯದಲ್ಲಿ ಸೋಲನ್ನು ಕಾನೂನುಬದ್ಧವಾಗಿ ನಿಷೇಧಿಸಲಾಗಿತ್ತು. ಅರಸರ ಸಮ್ಮುಖದಲ್ಲಿ ‘ಸೋತೆವು’ ಎಂದವರ ನಾಲಗೆಯನ್ನು ಖಜಾನೆಗೆ ಜಮಾ ಮಾಡಿಕೊಳ್ಳತಕ್ಕದ್ದು ಎಂದು ನಿಯಮವೇ ಇತ್ತು. ಹೀಗಾಗಿ ಬಿಳಿಯರ ಉಗಿಹಡಗುಗಳು ನದಿಯಲ್ಲಿ ಮೇಲೇರಿ ಬಂದು ಮೊದಲನೆಯ ಕೋಟೆಯನ್ನು ಹಿಡಿದಾಗ, ಸುದ್ದಿ ಮುಟ್ಟಿಸುವ ಹೊಣೆ ಘೋಷಣಾ ವಿಭಾಗದ ಹಿರಿಯ ಬರಹಗಾರ ಊ ಸಾನ್ ಲಿನ್‌ನ ತಲೆಗೆ ಬಂತು.

ಸಾನ್ ಲಿನ್‌ಗೆ ತನ್ನ ನಾಲಗೆಯ ಮೇಲೆ ಪ್ರೀತಿ. ಹೆಂಡತಿ ಮ ಪ್ವಾ ಮಾಡುವ ಮೀನಿನ ಸಾರಿನ ರುಚಿ ನೋಡಲು ಅವನ ಬಳಿ ಬೇರೆ ಅಂಗವಿರಲಿಲ್ಲ. ಮೂರು ದಿನ ಯೋಚಿಸಿ ಬರೆದ: ‘ನಮ್ಮ ಸೈನ್ಯವು ಮೊದಲನೆಯ ಕೋಟೆಯನ್ನು ಸಂಪೂರ್ಣವಾಗಿ ರಕ್ಷಿಸಿ ಮುಗಿಸಿದ್ದು, ರಕ್ಷಿಸಲು ಅಲ್ಲಿ ಇನ್ನೇನೂ ಉಳಿಯದ ಕಾರಣ ಹಿಂದಿರುಗುತ್ತಿದೆ.’

ಅರಸರು ಸಂತೋಷಪಟ್ಟು ಸೇನಾಪತಿ ಬೊ ಫ್ಯೂಗೆ ವಿಜಯದ ಗೌರವವಾಗಿ ಚಿನ್ನದ ಕೊಡೆಯನ್ನು ದಯಪಾಲಿಸಿದರು.

ಮರುವಾರವೇ ಸೇನಾಪತಿ ಸಾನ್ ಲಿನ್‌ನ ಮನೆಗೆ ಬಂದ. “ಅಣ್ಣಾ, ಎರಡನೇ ಕೋಟೇನೂ ರಕ್ಷಿಸಿ ಮುಗಿಸಿದ್ದೀನಿ. ಬೇಗ ಬರೀರಿ.”

“ಬಿಳಿಯರು ಇನ್ನೂ ಅಲ್ಲಿಗೆ ಬಂದೇ ಇಲ್ಲವಲ್ಲಪ್ಪ?”

“ಅವರು ಬರೋವರೆಗೂ ಕಾದ್ರೆ, ಕೊಡೆ ಮಾಡೋ ಅಕ್ಕಸಾಲಿ ಬೇರೆ ಕೆಲಸ ಒಪ್ಕೊಂಡುಬಿಡ್ತಾನೆ.”

ಅವನು ಹೋದ ಮೇಲೆ ಮ ಪ್ವಾ ಚುಟ್ಟಾದ ಬೂದಿ ಕೊಡವುತ್ತ ಹೇಳಿದಳು: “ಕೋ ಸಾನ್, ನೀವು ಹೀಗೇ ಗೆಲ್ಲಿಸ್ತಾ ಹೋದ್ರೆ ಬಿಳಿಯರು ನಮ್ಮ ಅಡುಗೆಮನೇಲಿ ಬಂದು ಕೂರ್ತಾರೆ.”

“ಅಡುಗೆಮನೆ ನಮ್ಮ ವಿಭಾಗಕ್ಕೆ ಬರೋದಿಲ್ಲ,” ಎಂದ ಸಾನ್ ಲಿನ್. ಆದರೆ ಅಂದು ಅವನಿಗೆ ಅನ್ನ ಸೇರಲಿಲ್ಲ.

ಒಂದೇ ತಿಂಗಳಲ್ಲಿ ರಾಜ್ಯ ಐದು ವಿಜಯ ಸಾಧಿಸಿತು. ಆರನೆಯದಕ್ಕೆ ಕೋಟೆ ಉಳಿದಿರಲಿಲ್ಲ. ನದಿಯ ಕಡೆಯಿಂದ ತೋಪಿನ ಸದ್ದು ಬಂದಾಗ ಮಂತ್ರಿಗಳು ಅದನ್ನು ವಿಜಯೋತ್ಸವದ ಕುಶಾಲುತೋಪೆಂದು ದಾಖಲಿಸಿದರು. ಒಂದು ಗುಂಡು ಅರಮನೆಯ ತಾವರೆಕೊಳಕ್ಕೇ ಬಿದ್ದಾಗ, ಉತ್ಸಾಹ ಸ್ವಲ್ಪ ಹೆಚ್ಚಾಗಿದೆಯೆಂದು ಷರಾ ಬರೆದರು.

ಮಧ್ಯಾಹ್ನ ಬಿಳಿಯರ ಕರ್ನಲ್ ಬೂಟುಗಾಲಿನಲ್ಲೇ ಸಭೆಗೆ ಬಂದು ಒಂದು ಪತ್ರ ಕೊಟ್ಟ. ಅರಸರು ಸಂಜೆಯೊಳಗೆ ಹಡಗು ಹತ್ತಿ ಸಮುದ್ರದಾಚೆಗೆ ಹೋಗತಕ್ಕದ್ದು. ಸಾಮಾನಿಗೆ ಎರಡು ಎತ್ತಿನ ಗಾಡಿ ಮಂಜೂರಾಗಿದೆ. ಮಂತ್ರಿಗಳು ಪತ್ರವನ್ನು ಕೈಯಿಂದ ಕೈಗೆ ದಾಟಿಸಿದರು. ಅದು ಕೊನೆಗೆ ಸಾನ್ ಲಿನ್‌ನ ಬಳಿ ಬಂದು ನಿಂತಿತು.

ಅವನು ಮಂಡಿಯೂರಿದ. “ಪ್ರಭು, ನಾವು ಸೋತಿದ್ದೀವಿ. ಐದು ಸಲಾನೂ.”

ಅರಸರು ಎಲೆಯಡಿಕೆ ನುಂಗಿಕೊಂಡು ಹೇಳಿದರು: “ಗೊತ್ತು ಕಣಯ್ಯ. ಎರಡನೇ ಸಲವೇ ಗೊತ್ತಾಯ್ತು.”

“ಮತ್ತೆ ಆ ಕೊಡೆಗಳು, ಪ್ರಭು?”

“ಗೊತ್ತು ಅಂದಿದ್ರೆ ನಾನು ಏನಾದ್ರೂ ಮಾಡಬೇಕಾಗ್ತಿತ್ತು. ನೀನೂ ಬಲು ಚೆನ್ನಾಗಿ ಬರೀತಿದ್ದೆ. ಓದಿದ್ರೆ ಒಳ್ಳೇ ನಿದ್ದೆ ಬರ್ತಿತ್ತು.”

ಸಾನ್ ಲಿನ್‌ನ ಕಣ್ಣು ತುಂಬಿ ಬಂತು. ಮೂವತ್ತು ವರ್ಷದ ನೌಕರಿಯಲ್ಲಿ ಅವನ ಬರಹವನ್ನು ಯಾರೂ ಹೊಗಳಿರಲಿಲ್ಲ. ನಾಲಗೆಯ ವಿಷಯವನ್ನು ಯಾರೂ ಎತ್ತಲಿಲ್ಲ; ಜಮಾ ಮಾಡಿಕೊಳ್ಳಬೇಕಾದ ಖಜಾನೆಗೆ ಬಿಳಿಯರು ಆಗಲೇ ಬೀಗ ಜಡಿದಿದ್ದರು. ಅವನು ಅಲ್ಲೇ ಕೂತು ಕೊನೆಯ ಘೋಷಣೆ ಬರೆದ: ‘ಅರಸರು ರಾಜ್ಯವಾಳುವ ಕೆಲಸವನ್ನು ಅವಧಿಗೆ ಮುಂಚೆಯೇ ಪೂರೈಸಿ, ವಿಶ್ರಾಂತಿಗಾಗಿ ತೆರಳುತ್ತಿದ್ದಾರೆ.’ ಅರಸರು ಓದಿ, ಒಂದು ಕಾಗುಣಿತ ತಿದ್ದಿ, ಗಾಡಿ ಹತ್ತಿದರು.

ಮರುದಿನ ಬೆಳಿಗ್ಗೆ ಕರ್ನಲ್ ಸಾನ್ ಲಿನ್‌ಗೆ ಹೇಳಿಕಳುಹಿಸಿದ. ದುಭಾಷಿ ವಿವರಿಸಿದ: “ಕರ್ನಲ್ ದೊರೆಗಳು ಇಲ್ಲಿಗೆ ನುಗ್ಗಿ ಬಂದಿದ್ದಲ್ಲವಂತೆ. ಜನ ಕರೆದ್ರು, ಬಂದ್ರು. ಆದ್ರೆ ಕರೆದ ಪತ್ರ ಕಡತದಲ್ಲಿ ಕಾಣ್ತಿಲ್ಲ.”

“ಯಾವ ತಾರೀಖು ಹಾಕ್ಲಿ?”

“ಇವರ ಹಡಗು ಇಲ್ಲಿಗೆ ಹೊರಡೋಕ್ಕಿಂತ ಮುಂಚಿನದು.”

ಆಹ್ವಾನ ಸಮಿತಿ ರಚನೆಯಾಯಿತು. ಕೊಡೆಗಳ ಅನುಭವವಿದ್ದ ಬೊ ಫ್ಯೂ ಅದರ ಅಧ್ಯಕ್ಷನಾದ. ಪ್ರತಿ ಮನೆಯವರೂ ಬಿಳಿಯರನ್ನು ಮೂರು ಪ್ರತಿಗಳಲ್ಲಿ ಸ್ವಇಚ್ಛೆಯಿಂದ ಕರೆಯತಕ್ಕದ್ದು. ತಪ್ಪಿದವರ ಎತ್ತುಗಳನ್ನು ಹಿಡಿಯಲಾಗುವುದು. ಅರಮನೆಯ ಬಾಗಿಲಿನಿಂದ ಸಂತೆಬೀದಿಯವರೆಗೆ ಸಾಲು ಬೆಳೆಯಿತು.

ಸಾನ್ ಲಿನ್‌ನ ಮೇಜಿನ ಮುಂದೆ ಮ ಪ್ವಾಳ ಸರದಿ ಬಂತು. ಅವಳು ಕಾಗದವನ್ನು ಪೂರ್ತಿ ಓದಿದಳು. “ಕೋ ಸಾನ್, ಯಾವಾಗ ಬರಬೇಕು ಅಂತ ಬರೆದಿದ್ದೀರಿ. ಯಾವಾಗ ಹೋಗಬೇಕು ಅಂತ ಎಲ್ಲಿದೆ?”

ಸಾನ್ ಲಿನ್ ಮೂರೂ ಪ್ರತಿಗಳನ್ನು ತಿರುವಿ ನೋಡಿದ. “ಅದಕ್ಕೆ ಕಾಲಂ ಇಲ್ಲ ಕಣೇ.”

“ಹಾಗಾ,” ಎಂದು ಅವಳು ರುಜು ಹಾಕಲು ಮಸಿ ಹುಡುಕಿದಳು. ಹಿಂದಿನಿಂದ ಯಾರೋ ಗೊಣಗಿದರು: “ಸ್ವಲ್ಪ ಬೇಗ ಮಾಡಮ್ಮ, ನಾವೂ ಕರೀಬೇಕು.”