ಸಾಹೇಬರಿಗೆ ಮೂರು ಹೊತ್ತಿನ ಸ್ಯಾಂಡವಿಚ್ಚು

— ಸ್ಯಾಂಡವಿಚ್ಚು ಅಂದ್ರ ಏನಂತ ನಿಮಗ ಗೊತ್ತಿತ್ತೇನ್ರಿ?

— ಇರಲಿಲ್ಲ.

— ಗೊತ್ತಿಲ್ಲದ್ದನ್ನ ನಮ್ಮನ್ಯಾಗ ದಿನಾ ಮಾಡ್ತಾರ ಅಂತ ಕಚೇರ್ಯಾಗ ಹೇಳಿ ಬಂದ್ರಿ?

— ಪೇಶಕಾರರು ಎಲ್ಲಾರ ಮಾರಿ ನೋಡಾಕತ್ತಿದ್ರು. ಬಾಯಿಗೆ ಬಂತು, ಹೇಳಿದೆ.

— ಆನಿ ಪಳಗಸ್ತೀರೇನು ಅಂತ ಕೇಳಿದ್ರ ಅದಕ್ಕೂ ಹೂಂ ಅಂತಿದ್ರೇನು?

— ಅರ್ಜಿ ಮ್ಯಾಲ ಸಹಿ ಆಗೂದಿದ್ರ ಅಂತಿದ್ದೆ.

ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯ ಹಿಂದಿನ ಓಣಿ. ಎರಡು ಕೋಣೆಯ ಬಾಡಿಗೆ ಮನೆ. ಒಲೆಯ ಮುಂದೆ ಕುಳಿತ ಕಳಕಮ್ಮನ ಕೈಯಲ್ಲಿ ಅರ್ಧ ತಟ್ಟಿದ ರೊಟ್ಟಿ ಹಾಗೇ ನಿಂತಿತ್ತು. ಅವಳ ಗಂಡ ಕರಿಬಸಪ್ಪ ಹೊಸ್ತಿಲಲ್ಲಿ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವುದೋ ಓಡುವುದೋ ತಿಳಿಯದೆ ನಿಂತಿದ್ದ.

ಆಗ ನಿಜಾಮರ ಆಡಳಿತ. ಯುರೋಪಿನಲ್ಲಿ ಯುದ್ಧ ಶುರುವಾಗಿ ಎರಡು ವರ್ಷವಾಗಿತ್ತು. ಹೊಳೆಗೆ ಎಂದಾದರೂ ಅಣೆಕಟ್ಟು ಕಟ್ಟಬೇಕೆಂದು ಹುಲಿಗಿಯಲ್ಲಿ ಅಳತೆಯ ಕಚೇರಿಯೊಂದನ್ನು ತೆರೆದಿದ್ದರು. ಕರಿಬಸಪ್ಪ ಅಲ್ಲಿ ಗುಮಾಸ್ತ. ಗಂಡ ಹೆಂಡತಿ ಇಬ್ಬರೂ ಯಲಬುರ್ಗಿಯವರು. ಅಲ್ಲಿ ಕಳಕಮ್ಮನ ತಾಯಿ ಬಸವಣ್ಣೆಮ್ಮನಿಗೆ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಮಗಳ ಮುಖ ನೋಡಬೇಕೆಂದು ಮುದುಕಿ ಹೇಳಿ ಕಳಿಸುತ್ತಲೇ ಇದ್ದಳು. ಯಲಬುರ್ಗಿಗೆ ವರ್ಗ ಮಾಡಿಕೊಡಿ ಎಂಬ ಕರಿಬಸಪ್ಪನ ಅರ್ಜಿ ಹದಿನಾಲ್ಕು ತಿಂಗಳಿಂದ ದೊಡ್ಡ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ನಿದ್ದೆ ಮಾಡುತ್ತಿತ್ತು.

ಈಗ ಆ ಸಾಹೇಬರೇ ಹೈದರಾಬಾದಿನಿಂದ ಬರುವವರಿದ್ದರು. ಬಿಳಿಯ ಮನುಷ್ಯ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಹೊಳೆದಂಡೆಯಲ್ಲಿ ನಡೆಯುತ್ತೇನೆ, ಕುರ್ಚಿ ಮೇಜು ಬೇಡ, ಮೂರು ಹೊತ್ತಿಗೂ ಸ್ಯಾಂಡವಿಚ್ಚು ಕಟ್ಟಿಕೊಟ್ಟರೆ ಸಾಕು ಎಂದು ಮೊದಲೇ ಕಾಗದ ಬರೆದಿದ್ದರು. ಸಾಹೇಬರು ಇಳಿಯುವ ಬಂಗಲೆಯ ಅಡುಗೆಯವ ಜಿಲಾನಸಾಬ ಮೂರು ದಿನದ ಹಿಂದೆ ಹೊಳೆಯ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದ. ಯಾರ ಮನೆಯಲ್ಲಿ ಇದು ಆಗುತ್ತದೆ ಎಂದು ಕಚೇರಿಯ ಹಿರಿಯ ಗುಮಾಸ್ತ, ಅಂದರೆ ಪೇಶಕಾರ, ಕೇಳಿದಾಗ ಉಳಿದವರೆಲ್ಲ ಜಂತಿ ಎಣಿಸುತ್ತ ಕುಳಿತರು. ಹೆಸರು ಕೇಳಿ ಅದೊಂದು ನಮೂನೆಯ ಶ್ಯಾವಿಗೆ ಇರಬೇಕೆಂದುಕೊಂಡ ಕರಿಬಸಪ್ಪ ಕೈ ಎತ್ತಿದ.

ಬೈದು ದಣಿದ ಮೇಲೆ ಕಳಕಮ್ಮನೇ ದಾರಿ ಹೇಳಿದಳು. ಮಾಡಿ ಬಲ್ಲವನನ್ನು ಕರೆದುಕೊಂಡು ಬರ್ರಿ ಎಂದಳು. ಜಿಲಾನಸಾಬ ಕೊರಳಿಗೆ ಕೈ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತ. ಮೂವತ್ತು ವರ್ಷ ಸಾಹೇಬರಿಗೆ ಉಣಿಸಿದವನು. ಗತ್ತಿಗೇನೂ ಕೈ ಮುರಿದಿರಲಿಲ್ಲ.

— ನೋಡು ತಂಗಿ, ಎರಡು ತುಂಡು ಡಬಲ್ ರೊಟ್ಟಿ ತಗೋಬೇಕು. ನಡುವ ಏನಾರ ಇಡಬೇಕು. ಅಷ್ಟ.

— ಡಬಲ್ ರೊಟ್ಟಿ ಅಂದ್ರ ಎರಡು ರೊಟ್ಟಿ. ಅಂಥಾವು ಎರಡು ಅಂದ್ರ ನಾಕಾದವು. ನಾಕು ರೊಟ್ಟಿಗೆ ನಡು ಯಾವುದು ಕಾಕಾ?

— ಡಬಲ್ ರೊಟ್ಟಿ ಅಂದ್ರ ಎರಡಲ್ಲವಾ, ಒಂದ.

— ಒಂದಕ್ಕ ಡಬಲ್ ಅಂತ ಯಾಕ ಅಂತಾರ?

— ಉಬ್ಬಿರತೈತಿ.

— ಉಬ್ಬಿದ್ದಕ್ಕೆಲ್ಲ ಡಬಲ್ ಅನ್ನೂದಾದ್ರ ನಿಮ್ಮ ಪೇಶಕಾರರಿಗೆ ಏನಂತೀರಿ?

ಜಿಲಾನಸಾಬ ಗಡ್ಡ ನೀವಿಕೊಂಡು ನಗೆ ನುಂಗಿದ. ಕರಿಬಸಪ್ಪ ಎದ್ದು ಹೋಗಿ ಓಣಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿ ಬಂದ.

ನಡುವೆ ಇಡುವುದರ ವಿಷಯ ಬಂದಾಗ ಜಿಲಾನಸಾಬ ಬೆರಳು ಮಡಿಚಿ ಹೇಳತೊಡಗಿದ. ಬೆಳಿಗ್ಗೆ ತತ್ತಿ, ಮಧ್ಯಾಹ್ನ ಕುರಿಯ ಮಾಂಸ, ಸಂಜೆಗೆ ಕೋಳಿ. ಮೂರೂ ತನ್ನ ಒಲೆಯ ಮೇಲೆ ಏರುವುದಿಲ್ಲ, ಏರಿದರೆ ತಾನು ಇಳಿದು ಹೋಗುತ್ತೇನೆ ಎಂದು ಕಳಕಮ್ಮ ತಣ್ಣಗೆ ಹೇಳಿದಳು. ಅವನು ಬೇಸರಪಡಲಿಲ್ಲ. ಸಾಹೇಬರು ಸವತಿಕಾಯಿಯದನ್ನೂ ಇಷ್ಟಪಡುತ್ತಾರೆ ಎಂದ.

— ಸವತಿಕಾಯಿ ಏನ್ ಮಾಡಬೇಕು?

— ಹೆಚ್ಚಬೇಕು.

— ಹೆಚ್ಚಿ?

— ಇಡಬೇಕು.

— ಒಗ್ಗರಣಿ?

— ಇಲ್ಲ.

— ಹಸಿಮೆಣಸಿನಕಾಯಿ?

— ತೌಬಾ ತೌಬಾ.

— ಇಷ್ಟು ತಿಂದು ಇವ್ರು ದೇಶಾ ಆಳಾಕತ್ತಾರ?

ಈ ಸಲ ಕರಿಬಸಪ್ಪ ಬಾಗಿಲನ್ನೇ ಹಾಕಿಕೊಂಡು ಬಂದ. ವರ್ಗ ಕೇಳಲು ಹೋಗಿ ಜೇಲು ಸೇರುವುದು ಬೇಡ ಎಂದು ಹೆಂಡತಿಗೆ ಕೈ ಮುಗಿದ. ಜಿಲಾನಸಾಬ ಹೋಗುವಾಗ ಇನ್ನೊಂದು ಮಾತು ಹೇಳಿದ. ಸ್ಯಾಂಡವಿಚ್ಚಿಗೆ ಮೂರು ಮೂಲೆ ಇರಬೇಕು, ಇಲ್ಲದಿದ್ದರೆ ಸಾಹೇಬರು ಮುಟ್ಟುವುದಿಲ್ಲ.

ಡಬಲ್ ರೊಟ್ಟಿ, ಅಂದರೆ ಬ್ರೆಡ್ಡು, ಬಳ್ಳಾರಿಯಿಂದ ಬರಬೇಕಿತ್ತು. ಮರುದಿನ ಮಧ್ಯಾಹ್ನದ ರೈಲಿನಲ್ಲಿ ನಾಲ್ಕು ಬಂದವು. ಕರಿಬಸಪ್ಪ ಅವನ್ನು ಸ್ಟೇಷನ್ನಿನಿಂದ ತಲೆಯ ಮೇಲೆ ಹೊತ್ತು ತಂದು ಕಟ್ಟೆಯ ಮೇಲಿಟ್ಟ. ಓಣಿಯ ನಾಲ್ಕು ಜನ ನೋಡಲಿ ಎಂಬ ಆಸೆ. ಎದುರು ಮನೆಯ ಗಾಳೆಮ್ಮ ಒಂದನ್ನು ಬೆರಳಿನಿಂದ ಒತ್ತಿ ನೋಡಿ, ಇದು ಬೆಂದೈತೋ ಬಾತೈತೋ ಎಂದು ಕೇಳಿದಳು. ಅವಳಿಗೆ ಉತ್ತರ ಹೇಳಲು ಕರಿಬಸಪ್ಪ ಆ ಕಡೆ ತಿರುಗಿದ್ದೇ ತಡ, ಗುಡಿಯ ಮಂಗಗಳು ಮಾಳಿಗೆಯಿಂದ ಇಳಿದವು. ಅವನು ಕೋಲು ಹುಡುಕುವಷ್ಟರಲ್ಲಿ ನಾಲ್ಕೂ ರೊಟ್ಟಿ ಗೋಪುರ ಏರಿದ್ದವು. ದೊಡ್ಡ ಮಂಗವೊಂದು ಒಂದು ತುತ್ತು ಕಚ್ಚಿ, ಸ್ವಲ್ಪ ಹೊತ್ತು ವಿಚಾರ ಮಾಡಿ, ಉಗುಳಿತು. ಉಳಿದದ್ದನ್ನು ಕರಿಬಸಪ್ಪನ ಕಡೆಗೇ ಎಸೆಯಿತು.

ಅವನು ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದು ಕುಳಿತ.

— ಮುಗೀತು. ಯಲಬುರ್ಗಿ ಮುಗೀತು. ನಾಳಿ ಮುಂಜಾನಿ ಸಾಹೇಬ್ರು ಬರ್ತಾರ.

— ಬರ್ಲಿ. ಮಂಗ್ಯಾ ಒಯ್ದದ್ದು ಬರೇ ಮ್ಯಾಲಿನ ಮುಚ್ಚಳ, ಕೆಳಗಿನ ಮುಚ್ಚಳ. ನಡುವಿಂದು ನನ್ನ ಕಡೆ ಐತಿ.

— ಮುಚ್ಚಳಾ ಎಲ್ಲಿಂದ ತರ್ತಿ?

— ಹುಟ್ಟಿದಾಗಿಂದ ದಿನಾ ಏನ್ ತಿನ್ನಾಕತ್ತೀರಿ ನೀವು?

ಅವಳು ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದಳು. ಹಪ್ಪಳದಷ್ಟು ತೆಳ್ಳಗೆ ತಟ್ಟಿ, ಕಾವಲಿಯಿಂದ ಇಳಿಸಿದ ಕೂಡಲೇ ಬೆಣ್ಣೆ ಸವರಿ ಒದ್ದೆ ಅರಿವೆಯಲ್ಲಿ ಮುಚ್ಚಿಟ್ಟಳು. ಹಾಗೆ ಇಟ್ಟ ರೊಟ್ಟಿ ಮರುದಿನ ಸಂಜೆಯವರೆಗೂ ಬಾಗುತ್ತದೆ, ಮುರಿಯುವುದಿಲ್ಲ. ಬೆಳಗಿನದಕ್ಕೆ ನಡುವೆ ಶೇಂಗಾ ಚಟ್ನಿ, ಕಟ್ಟಿದ ಮೊಸರು. ಮಧ್ಯಾಹ್ನಕ್ಕೆ ಎಣ್ಣೆಗಾಯಿ ಬದನೆಕಾಯಿಯನ್ನು ಕಿವುಚಿ ಹರವಿ, ಮೇಲೆ ಹಸಿ ಉಳ್ಳಾಗಡ್ಡಿ, ಎಳೆ ಮೆಂತ್ಯದ ಸೊಪ್ಪು. ಸಂಜೆಗೆ ಕುಟ್ಟಿದ ಎಳ್ಳು, ಬೆಲ್ಲ, ತುಪ್ಪ. ಕರಿಬಸಪ್ಪ ಪಕ್ಕದಲ್ಲೇ ಕುಳಿತು ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದ.

— ಖಾರ ಕಡಿಮಿ ಹಾಕು.

— ಕಡಿಮಿನ ಹಾಕೀನಿ.

— ನಿನ್ನ ಕಡಿಮಿ ತಿಂದು ನಮ್ಮಣ್ಣ ಹ್ವಾದ ವರ್ಷ ದವಾಖಾನಿಗೆ ಹೋಗಿದ್ದ.

— ನಿಮ್ಮಣ್ಣ ಹನ್ನೊಂದು ರೊಟ್ಟಿ ತಿಂದು ಹೋಗಿದ್ದ. ಅದಕ್ಕ ಖಾರ ಏನ್ ಮಾಡೀತು?

ಕೊನೆಗೆ ಅವಳು ದುಂಡನೆಯ ರೊಟ್ಟಿಗಳನ್ನು ಈಳಿಗೆಯಿಂದ ಮೂರು ಮೂಲೆ ಬರುವಂತೆ ಕೊಯ್ದು, ಬಾಳೆಎಲೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು. ಕೊಯ್ದು ಉಳಿದ ಅಂಚುಗಳೇ ಆ ದಿನ ಗಂಡನ ಊಟವಾಯಿತು.

ಮರುದಿನ ಬೆಳಿಗ್ಗೆ ಹೊಳೆದಂಡೆಯ ಹುಣಸೆಮರದ ಕೆಳಗೆ ಸಾಹೇಬರು ಎಲೆ ಬಿಚ್ಚಿದರು. ತಿರುಗಿಸಿ ಮುರುಗಿಸಿ ನೋಡಿದರು. ತಮ್ಮ ಹರಕು ಉರ್ದುವಿನಲ್ಲಿ ಇದೇನು ಎಂದು ಕೇಳಿದರು. ಸ್ಯಾಂಡವಿಚ್ಚು ಹುಜೂರ್ ಎಂದ ಕರಿಬಸಪ್ಪ. ಮೂರು ಮೂಲೆ ಇದ್ದುದರಿಂದ ಅವರು ಅಲ್ಲಗಳೆಯಲಾರದೆ ತಿಂದರು. ಎಲೆಯಲ್ಲಿ ಏನೂ ಬಿಡಲಿಲ್ಲ.

ಮಧ್ಯಾಹ್ನ ಎಣ್ಣೆಗಾಯಿಯ ಮೊದಲ ತುತ್ತಿಗೇ ಅವರ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. ಎರಡನೆಯದಕ್ಕೆ ಕಿವಿ ಕೆಂಪಾದವು. ಕಣ್ಣಿನಿಂದ ನೀರು ಇಳಿಯತೊಡಗಿತು. ಅಳತೆಯ ಸರಪಳಿ ಹಿಡಿದ ಆಳುಗಳು ಕೆಲಸ ಬಿಟ್ಟು, ಸರ್ಕಾರ ಬೀಳುವುದನ್ನು ನೋಡಲೆಂಬಂತೆ ಸುತ್ತ ನಿಂತರು. ಕರಿಬಸಪ್ಪ ಮನಸ್ಸಿನಲ್ಲೇ ಹುಲಿಗೆಮ್ಮನಿಗೆ ಎರಡು ತೆಂಗಿನಕಾಯಿ ಹರಸಿಕೊಂಡ. ಸಾಹೇಬರು ಒಂದು ಕೊಡ ನೀರು ಕುಡಿದರು, ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡರು. ಆಮೇಲೆ ಕೈ ಚಾಚಿ ಇನ್ನೊಂದು ಕೇಳಿದರು.

ಸಂಜೆಯ ಎಳ್ಳು ಬೆಲ್ಲವನ್ನು ಕಣ್ಣು ಮುಚ್ಚಿ ತಿಂದ ಮೇಲೆ, ಮಾಡಿದವರು ಯಾರೆಂದು ವಿಚಾರಿಸಿದರು. ಹೆಂಡತಿ ಎಂದ ಕರಿಬಸಪ್ಪ. ಇದೇ ಹೊತ್ತೆಂದು ಕೈ ಮುಗಿದು ಅರ್ಜಿಯ ಮಾತನ್ನೂ ಎತ್ತಿದ. ಸಾಹೇಬರು ತಲೆದೂಗಿ, ಅಲ್ಲೇ ಪೆಟ್ಟಿಗೆಯ ಮೇಲೆ ಕಾಗದವಿಟ್ಟು ಇಂಗ್ಲಿಷಿನಲ್ಲಿ ಏನೋ ಬರೆದು ಸಹಿ ಹಾಕಿ ಕೊಟ್ಟರು. ಅವನಿಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಆ ಸಂಜೆ ಓಣಿಗೆಲ್ಲ ಬೆಲ್ಲ ಹಂಚಿದ. ಮರುದಿನ ಬೆಳಿಗ್ಗೆ ಪೇಶಕಾರರು ಕಾಗದ ಓದಿ ಅರ್ಥ ಹೇಳಿದರು. ಅವನು ಕಚೇರಿಯಿಂದ ಮನೆಗೆ ಬರುವಷ್ಟರಲ್ಲಿ ಕಳಕಮ್ಮ ಅರ್ಧ ಪಾತ್ರೆ ಗೋಣಿಚೀಲಕ್ಕೆ ತುಂಬಿದ್ದಳು.

— ಯಾವಾಗ ಹೊಂಡೂದ್ರಿ?

— ಸಾಹೇಬ್ರು ಅಳತಿ ಮುಗಿಯೂತನಕ ಹುಲಿಗ್ಯಾಗ ಇರ್ತಾರಂತ. ಆರು ತಿಂಗಳು.

— ಇರ್ಲಿ, ನಮಗೇನು?

— ಅಲ್ಲೀತನಕ ಮೂರು ಹೊತ್ತೂ ಸ್ಯಾಂಡವಿಚ್ಚು ನಮ್ಮ ಮನಿಯಿಂದ ಹೋಗಬೇಕಂತ. ಇಂಥಾ ಗುಮಾಸ್ತನ್ನ ಎಲ್ಲಿಗೂ ವರ್ಗಾ ಮಾಡಬಾರದು ಅಂತ ಬರ್ದಾರ.

ಕಳಕಮ್ಮ ಕೈಯಲ್ಲಿದ್ದ ಚರಿಗೆಯನ್ನು ನೆಲದ ಮೇಲಿಟ್ಟಳು. ಅವಳು ಅತ್ತರೆ ಏನು ಮಾಡಬೇಕೆಂದು ಕರಿಬಸಪ್ಪನಿಗೆ ಗೊತ್ತಿರಲಿಲ್ಲ. ಬಯ್ಯಲಿ ಎಂದು ಕಾಯುತ್ತ ನಿಂತ. ಅವಳು ಎರಡನ್ನೂ ಮಾಡಲಿಲ್ಲ. ಪಾತ್ರೆಗಳನ್ನು ಚೀಲದಿಂದ ಹೊರಗೆ ತೆಗೆದು, ತನ್ನ ಎರಡು ಸೀರೆಗಳನ್ನು ಮಾತ್ರ ಗಂಟು ಕಟ್ಟಿದಳು.

— ನಿಮ್ಮ ವರ್ಗಾಕ್ಕ ಸಾಹೇಬ್ರ ಸಹಿ ಬೇಕು. ನಮ್ಮವ್ವನ್ನ ನೋಡಾಕ ನನಗ ಯಾರ ಸಹೀನೂ ಬೇಕಾಗಿಲ್ಲ.

— ಅಲ್ಲ, ಮಧ್ಯಾಹ್ನದ್ದು ಯಾರು ಮಾಡೂದು?

— ನಡುವ ಏನಾರ ಇಡ್ರಿ.

ಹತ್ತೂವರೆಯ ರೈಲಿಗೆ ಅವಳು ಕೊಪ್ಪಳಕ್ಕೆ, ಅಲ್ಲಿಂದ ಮೋಟಾರಿನಲ್ಲಿ ಯಲಬುರ್ಗಿಗೆ ಹೊರಟುಹೋದಳು.

ಕರಿಬಸಪ್ಪ ಆ ದಿನ ಮೊದಲ ಸಲ ಒಲೆಯ ಮುಂದೆ ಕುಳಿತ. ಜಿಲಾನಸಾಬ ಕಟ್ಟೆಯ ಮೇಲೆ ಕುಳಿತು ಬಾಯಿಂದ ಅಡುಗೆ ಕಲಿಸಿದ. ಮೊದಲ ರೊಟ್ಟಿ ಹರಿಯಿತು, ಎರಡನೆಯದು ಕಾವಲಿ ಬಿಡಲಿಲ್ಲ, ಮೂರನೆಯದು ಮೇಲೆ ಕರಕಾಗಿ ಒಳಗೆ ಹಿಟ್ಟಾಗಿಯೇ ಉಳಿಯಿತು. ಅದನ್ನು ಮೂರು ಮೂಲೆಗೆ ಕೊಯ್ಯಲು ಹೋಗಿ ಹೆಬ್ಬೆರಳನ್ನೂ ಕೊಯ್ದುಕೊಂಡ. ಎರಡನೆಯ ದಿನ ಮನೆಯಲ್ಲಿ ಬೇರೇನೂ ಕಾಣದೆ ಬಾಳೆಹಣ್ಣು ಮತ್ತು ಬೆಳ್ಳುಳ್ಳಿ ಚಟ್ನಿಯನ್ನು ಒಟ್ಟಿಗೆ ಇಟ್ಟ. ಸಾಹೇಬರು ಒಂದು ತುತ್ತು ತಿಂದು, ಇದರ ಹೆಸರೇನು ಎಂದು ಕೇಳಿದರು. ಅವನಿಗೂ ತಿಳಿದಿರಲಿಲ್ಲ. ಮೂರನೆಯ ದಿನ ಬೆಲ್ಲವೆಂದು ತಿಳಿದು ಹಳೆಯ ಹುಣಸೆಹಣ್ಣನ್ನು ಬೀಜ ಸಮೇತ ತುಂಬಿದ. ಕಟಕ್ ಎಂಬ ಸಪ್ಪಳ ಸರಪಳಿಯ ಆ ತುದಿಯಲ್ಲಿದ್ದ ಆಳಿಗೂ ಕೇಳಿಸಿತು.

ನಾಲ್ಕನೆಯ ದಿನ ಸಾಹೇಬರು ಎಲೆ ಬಿಚ್ಚಲಿಲ್ಲ. ದವಡೆ ಹಿಡಿದುಕೊಂಡು, ಇದನ್ನೆಲ್ಲ ಮಾಡುತ್ತಿರುವುದು ಅದೇ ಹೆಂಗಸೇ ಎಂದು ಕೇಳಿದರು. ಕರಿಬಸಪ್ಪನಿಗೆ ಸುಳ್ಳು ಹೇಳುವ ಧೈರ್ಯವೂ ಉಳಿದಿರಲಿಲ್ಲ. ಹೆಂಡತಿ ಯಲಬುರ್ಗಿಗೆ ತಾಯಿಯನ್ನು ನೋಡಲು ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ, ಅಲ್ಲಿಯವರೆಗೆ ತಾನೇ ಮಾಡುತ್ತೇನೆ, ಆರು ತಿಂಗಳಾದರೂ ಸರಿ ಎಂದ. ಸಾಹೇಬರು ಎಲೆಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕಾಗದ ತರಿಸಿದರು. ಈ ಗುಮಾಸ್ತನನ್ನು ಕೂಡಲೇ ಯಲಬುರ್ಗಿಗೆ ಕಳಿಸುವುದು ಎಂದು ಬರೆದು, ಕೂಡಲೇ ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ಯಲಬುರ್ಗಿಯ ಮನೆಯ ಪಡಸಾಲೆಯಲ್ಲಿ ಕಳಕಮ್ಮ ತಾಯಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದುದನ್ನು ಕಂಡು ಬಸವಣ್ಣೆಮ್ಮ ಯಾರದು ಎಂದಳು. ನಿನ್ನ ಅಳಿಯ ಎಂದಳು ಮಗಳು, ತಲೆ ಎತ್ತದೆ.

— ರಜಾ ಹಾಕಿ ಬಂದ್ರೇನ್ರಿ?

— ಇಲ್ಲ. ವರ್ಗಾ ಆತು.

— ಹೆಂಗ ಆತು?

— ಮೂರು ದಿನ ನಾನ ಮಾಡಿ ಉಣಿಸಿದೆ.

ಕಳಕಮ್ಮನ ಕೈ ನಿಂತಿತು. ಅರಿವೆ ಸುತ್ತಿದ ಅವನ ಹೆಬ್ಬೆರಳನ್ನೂ, ಹೊಗೆಗೆ ಕೆಂಪಾದ ಕಣ್ಣುಗಳನ್ನೂ ನೋಡಿದಳು.

— ಸಾಹೇಬ್ರು ಬದುಕ್ಯಾರೇನ್ರಿ?

— ಸಹಿ ಮಾಡೂವಷ್ಟು ಜೀವ ಇತ್ತು.