ಮಂಗಳ ಆದ ಮೇಲೆ ಉಳಿದ ಸಿನಿಮಾ

ನನಗೆ ಸಂಗೀತದ ಗಂಧಗಾಳಿ ಇಲ್ಲ ಎಂಬುದು ಮಾವನವರ ಅಂತಿಮ ತೀರ್ಪು. ನನ್ನ ಮದುವೆಯ ಸಂಗೀತ ಕಚೇರಿಯಲ್ಲೇ ನಾನು ತಪ್ಪು ಜಾಗದಲ್ಲಿ ತಲೆದೂಗಿದೆನಂತೆ. ಅಂದಿನಿಂದ ಅವರು ಹಲಸೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಅಡುಗೆ, ಯುದ್ಧ, ಸೀಮೆಎಣ್ಣೆ ಎಲ್ಲದರ ಬಗ್ಗೆಯೂ ನನ್ನೊಡನೆ ಮಾತಾಡುವರು. ಸಂಗೀತದ ಸುದ್ದಿ ಬಂತೋ, ನನ್ನ ಹೆಂಡತಿ ಕಮಲೆಯ ಕಡೆ ತಿರುಗಿಬಿಡುವರು. 'ಅಳಿಯಂದಿರಿಗೂ ಅಭಿರುಚಿ ಇದೆ' ಎಂದು ಒಂದೇ ಒಂದು ಸಲ ಅವರ ಬಾಯಲ್ಲಿ ಕೇಳುವುದು ನನ್ನ ಜೀವನದ ಪರಮ ಗುರಿಯಾಗಿತ್ತು.

ಅಷ್ಟರಲ್ಲಿ ದಂಡು ಪ್ರದೇಶದ ಟಾಕೀಸಿಗೆ ಹೆಸರಾಂತ ಗಾಯಕ ಅಶ್ವತ್ಥ ಭಾಗವತರ ಜೀವನಚರಿತ್ರೆಯ ಸಿನಿಮಾ ಬಂತು. ಮಾವನವರು ಭಾಗವತರ ಕಚೇರಿಗಾಗಿ ಊರೂರು ಸುತ್ತಿದವರು. ಭಾಗವತರು ತೀರಿಕೊಂಡ ಮೇಲೆ ಅವರ ಪಟವನ್ನು ದೇವರ ಮನೆಯಲ್ಲಿಟ್ಟವರು. ಗುರಿ ತಾನಾಗಿ ಬಾಣದ ಮುಂದೆ ಬಂದು ನಿಂತಿತು! ಕಮಲೆ ಮಾತ್ರ ಅನುಮಾನಿಸಿದಳು.

"ಅಪ್ಪ ಭಾಗವತರನ್ನ ಕಣ್ಣಾರೆ ನೋಡಿದೋರು ರೀ. ಯಾರೋ ಮೀಸೆ ಅಂಟಿಸ್ಕೊಂಡು ಬಂದ್ರೆ ಒಪ್ತಾರಾ?"

ಅಭಿಮಾನಿಗಳಿಗೆಂದೇ ತೆಗೆದ ಸಿನಿಮಾ ಅಭಿಮಾನಿಗಳಿಗೆ ಹಿಡಿಸದೆ ಇನ್ನಾರಿಗೆ ಹಿಡಿಸೀತು ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಮಾವನವರು ಅದುವರೆಗೆ ಟಾಕೀಸಿನ ಮೆಟ್ಟಿಲು ಹತ್ತಿದವರಲ್ಲ. ಜರಿಪಂಚೆ ಉಟ್ಟು, ಶಾಲು ಹೊದ್ದು, ಭಜನೆಯ ಗೆಳೆಯರಿಬ್ಬರನ್ನು ಕರೆದುಕೊಂಡು ಥೇಟ್ ಕಚೇರಿಗೆ ಹೊರಟಂತೆ ಹೊರಟರು. ಕಮಲೆಯೂ ನಾನೂ ಹಿಂದೆ. ಬಾಗಿಲಲ್ಲಿ ಹಿರಿಯರು ಮೂವರೂ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. ಅಭಿರುಚಿ ಎಂದರೆ ಸುಮ್ಮನೆಯೇ?

ಮೊದಲು ಮಾವನವರು ಬಿಗುವಾಗಿ ಕೂತಿದ್ದರು. ಹಾಡು ಶುರುವಾದಾಗ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಆಮೇಲೆ "ಭಲೇ" ಎಂದರು. ಮುಂದೆ ಕೂತಿದ್ದ ಸೋಲ್ಜರುಗಳು ಹಿಂತಿರುಗಿ ನೋಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಪರದೆಯ ಮೇಲೆ ಭಾಗವತರು ಅರಮನೆಯಲ್ಲಿ ಹಾಡಿ ಹಾಡಿ ಕೊನೆಗೆ ಮಂಗಳ ಹಾಡಿದರು. ಅದೇ ಹೊತ್ತಿಗೆ ರೀಲು ಬದಲಾಯಿಸಲು ದೀಪ ಹಾಕಿದರು.

ಮಂಗಳ ಹಾಡಿದರೆ ಕಚೇರಿ ಮುಗಿದಂತೆ. ಆಮೇಲೂ ಕೂತಿರುವುದು ಮರ್ಯಾದೆಯಲ್ಲ. ಮೂವರು ಹಿರಿಯರೂ ಪರದೆಗೆ ಕೈಮುಗಿದರು, ಶಾಲು ಸರಿಮಾಡಿಕೊಂಡರು, ನೆಟ್ಟಗೆ ಹೊರಗೆ ನಡೆದರು. ಆ ಮನೆಯಲ್ಲಿ ಬೆಳೆದ ಕಮಲೆಯೂ ಹಿಂದೆಯೇ ಹೋದಳು. ನಾನು ಓಡಿದೆ.

ಹೊರಗೆ ಮಾವನವರ ಕಣ್ಣು ಒದ್ದೆಯಾಗಿತ್ತು.

"ಮೀಸೆ ಒಂದು ಸರಿ ಇರ್ಲಿಲ್ಲ. ಆದ್ರೆ ಎಷ್ಟು ಕ್ರಮವಾಗಿ ಮುಗಿಸಿದ್ರು ನೋಡಿ. ಅಳಿಯಂದಿರೇ, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ನಿಮಗೂ..."

"ಸಿನಿಮಾ ಇನ್ನೂ ಅರ್ಧ ಇದೆ ಮಾವ, ಬನ್ನಿ" ಎಂದುಬಿಟ್ಟೆ.

ಕಮಲೆ ಚಿವುಟಿದಳು. ಆದರೆ ಕಾಲ ಮಿಂಚಿತ್ತು. ಭಾಗವತರ ಹಾಡು ಇನ್ನೂ ಉಳಿದಿರುವಾಗ ಎದ್ದು ಬಂದೆವಲ್ಲ ಎಂದು ಕೆನ್ನೆ ಬಡಿದುಕೊಂಡು ಹಿರಿಯರು ಒಳಗೆ ಹೋದರು.

ಜೀವಮಾನವಿಡೀ ತಂಬೂರಿಯಿಂದ ಕಣ್ಣೆತ್ತದ ಭಾಗವತರು ಉಳಿದರ್ಧದಲ್ಲಿ ತೋಟಕ್ಕೆ ಹೋದರು. ಅಲ್ಲೊಬ್ಬಳು ನರ್ತಕಿ ಇದ್ದಳು. ಬ್ಯಾಂಡಿನ ಸಮೇತ ಹಾಡುತ್ತಾ ಭಾಗವತರು ಅವಳ ಹಿಂದೆ ಮರ ಸುತ್ತಿದರು. ಗೆಳೆಯರಿಬ್ಬರೂ ರಾಮನಾಮ ಹಿಡಿದರು. ಮಾವನವರು ಕಣ್ಣು ಮುಚ್ಚಿದವರು ಸಿನಿಮಾ ಮುಗಿಯುವವರೆಗೆ ತೆರೆಯಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಅವರ ದೇವರನ್ನು ನಾನೇ ಕರೆತಂದು ಕುಣಿಸಿದಂತಾಗಿತ್ತು.

ವಾಪಸು ಬರುವಾಗ ಗೆಳೆಯರು ಬೇರೆ ಜಟಕಾ ಹಿಡಿದರು. ನಾವು ಮೂವರು ಇನ್ನೊಂದು ಹತ್ತಿದೆವು. ಹಲಸೂರು ಕೆರೆ ಹತ್ತಿರ ಬಂದಾಗ ಮಾವನವರು ನನ್ನನ್ನೇ ನೋಡುತ್ತಿರುವುದು ಕಂಡಿತು. ಆಗ ತಿಳಿಯಿತು, ನಾನು ಗುನುಗುತ್ತಿದ್ದೆ. ತೋಟದ ಹಾಡನ್ನು. ತೊಡೆ ತಟ್ಟಿಕೊಂಡು!

"ಗಾಡಿ ನಿಲ್ಸಪ್ಪ" ಎಂದು ಮಾವನವರು ಇಳಿದು ನಡೆದೇಬಿಟ್ಟರು. ಕಮಲೆಯೂ ಇಳಿದಳು.

"ನಿಮಗೆ ಹಾಡೋಕೆ ಬರಲ್ಲ, ಸರಿ. ಸುಮ್ನಿರೋಕೂ ಬರಲ್ವಲ್ಲ ರೀ" ಎಂದು ಹೇಳಿ ಅಪ್ಪನ ಹಿಂದೆ ಹೋದಳು.

ನಾನೊಬ್ಬನೇ ಉಳಿದೆ. ಜಟಕಾ ಸಾಬಿ ಹಿಂತಿರುಗಿ ನೋಡಿದ.

"ಯಾಕ್ ನಿಲ್ಸಿದ್ರಿ ಸಾಹೇಬ್? ಗಾನಾ ಚೆನ್ನಾಗಿತ್ತು. ಹಾಡಿ, ಕುದುರೆ ಜಲ್ದಿ ಹೋಗುತ್ತೆ."

ಹಾಡಿದೆ. ಕುದುರೆ ನಾಗಾಲೋಟದಲ್ಲಿ ಓಡಿತು. ಮೆಚ್ಚಿ ಓಡಿತೋ, ತಪ್ಪಿಸಿಕೊಳ್ಳಲು ಓಡಿತೋ, ಹೇಳಲಾರೆ.