ಗುಣ ನೋಡಿ ತಂದ ಬೋರ್ಡು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ತಿಕೋಟಾದ ಸುತ್ತ ಒಣದ್ರಾಕ್ಷಿಯ ಕೆಲಸ ಭರದಿಂದ ನಡೆದಿತ್ತು. ಹಸಿರು ಬಲೆ ಹೊದ್ದ ಶೆಡ್ಡುಗಳಲ್ಲಿ ಹೆಂಗಸರು ಗೊನೆ ಹರಡುತ್ತಿದ್ದರು. ಮೊದಲೇ ಕಟಾವು ಮಾಡಿದವರು ಒಣಗಿದ ಮಾಲನ್ನು ಬಾಕ್ಸುಗಳಿಗೆ ತುಂಬಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬೆಳೆಗಾರರ ಸಂಘದ ಕೋಲ್ಡ್ ಸ್ಟೋರೇಜಿಗೆ ತರುತ್ತಿದ್ದರು.

ಯಾರ ಬಾಕ್ಸು ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬುದು ಅಲ್ಲಿ ಒಂದೇ ಒಂದು ಜೀವಕ್ಕೆ ಗೊತ್ತಿತ್ತು. ಅದು ಆಫೀಸಿನ ಮೂಲೆಯ ಸ್ಟೂಲಿನ ಮೇಲೆ ಹಗಲೂ ರಾತ್ರಿ ಗುಂಯ್‌ಗುಡುವ ಸಣ್ಣ ಸರ್ವರ್. ಅದನ್ನು ನೋಡಿಕೊಳ್ಳುವವನು ಚೇತನಕುಮಾರ. ಒಳಗಿನ ಫ್ಯಾನಿನ ಕ್ಲಿಪ್ಪು ಮುರಿದಾಗ ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿಯಿಂದಲೇ ಅದನ್ನು ಬಿಗಿದು ಎರಡು ವರ್ಷ ನಡೆಸಿದ್ದ. ಅದೇ ಅವನ ಹೆಮ್ಮೆ.

ಆದರೆ ಹಿಂದಿನ ಸಂಜೆ ಅವನಿಗೆ ಒಂದು ಸದ್ಬುದ್ಧಿ ಬಂದಿತ್ತು. ಸರ್ವರ್ ಬಿಚ್ಚಿ, ಮೆಮೊರಿ ಪಟ್ಟಿಗಳನ್ನು ಕಿತ್ತು, ಅಂಗಿಯ ತುದಿಯಿಂದ ಒರೆಸಿ ಮತ್ತೆ ಸಿಕ್ಕಿಸಿದ್ದ. ಇಂದು ಮುಂಜಾನೆ ಗುಂಡಿ ಒತ್ತಿದರೆ ಅದು ಮೂರು ಸಲ ಕೂಂಯ್ ಎಂದಿತು. ಪರದೆ ಮಾತ್ರ ಅಮಾವಾಸ್ಯೆ.

ಹೊರಗೆ ಹತ್ತು ಹನ್ನೆರಡು ಬೆಳೆಗಾರರು. ಮರುದಿನ ಮಾಲು ಹರಾಜಾಗುವ ಲಿಲಾವು. ಬಾಗಿಲಲ್ಲಿ ಚೇರ್ಮನ್ ಶಿವಯೋಗೆಪ್ಪಗೌಡರು.

"ಏನಾಗ್ಯಾದೋ ಚೇತನಾ?"

ನೋಡ್ತೀನ್ರಿ ಎಂದಿದ್ದರೆ ಸಾಕಿತ್ತು. ಆದರೆ ಇಷ್ಟು ಜನರೆದುರು ಗೊತ್ತಿಲ್ಲ ಎನ್ನುವುದು ಹೇಗೆ? ಚೇತನಕುಮಾರ ಡಾಕ್ಟರರ ಗತ್ತಿನಲ್ಲಿ ತಲೆಯಲ್ಲಾಡಿಸಿದ.

"ಮದರ್‌ಬೋರ್ಡ್ ಹೋಗ್ಯಾದ್ರಿ ಗೌಡ್ರ. ಸತ್ತಾದ. ಉಪಯೋಗಿಲ್ಲ."

ಶಿವಯೋಗೆಪ್ಪಗೌಡರು ಹೆಗಲ ಮೇಲಿನ ಟಾವೆಲ್ಲು ಸರಿಪಡಿಸಿಕೊಂಡರು. "ಹಂಗಾರ ಒಂದು ಮಾತ ಕೇಳು. ಹೊತ್ತು ಮುಳುಗೂದ್ರಾಗ ಇದು ಚಾಲೂ ಆಗಬೇಕು. ಇಲ್ಲಂದ್ರ ನಾಳಿಂದ ಆ ಖುರ್ಚಿ ಮ್ಯಾಲ ಶಂಕರೆಪ್ಪನ ಮಗಳು ಶೈಲಾ ಕುಂಡ್ರತಾಳ. ಕಂಪ್ಯೂಟರ್ ಕೋರ್ಸು ಮುಗಿಸಿ ಮನ್ಯಾಗ ಖಾಲಿ ಅದಾಳ."

ಗುಂಪಿನಲ್ಲಿದ್ದ ಶಂಕರೆಪ್ಪ, ಕೇಳಿಸಲಿಲ್ಲವೆಂಬಂತೆ ಮೀಸೆ ತಿರುವಿದ.

ಚೇತನಕುಮಾರ ಬೋರ್ಡನ್ನು ಬಿಚ್ಚಿಕೊಂಡು ಜೀಪು ಹತ್ತುವಾಗ ಗೌಡರ ಪಕ್ಕದಲ್ಲಿ ಅಮೋಘಿ ಆಗಲೇ ಕೂತಿದ್ದ. ಅಮೋಘಿ ಎತ್ತಿನ ದಲಾಲಿ. ಸುತ್ತಲಿನ ಯಾವ ಊರಿನ ಯಾವ ಕೊಟ್ಟಿಗೆಯಲ್ಲಿ ಯಾವ ಎತ್ತು ಕೆಮ್ಮುತ್ತದೆ ಎಂಬುದು ಅವನಿಗೆ ಬಾಯಿಪಾಠ. ಸೊಂಟದಲ್ಲಿ ಸದಾ ಅಮೋಘಸಿದ್ಧ ದೇವರ ಭಂಡಾರದ, ಅಂದರೆ ಪ್ರಸಾದದ ಅರಿಸಿನ ಪುಡಿಯ, ಚೀಲ. ಗೌಡರು ಅವನನ್ನು ಕೇಳದೆ ಚಪ್ಪಲಿಯನ್ನೂ ಕೊಂಡವರಲ್ಲ. ಪ್ರತಿ ದಸರೆಯ ಖಂಡೇಪೂಜೆಗೆ ಸಂಘದ ತಕ್ಕಡಿ, ಮೋಟರು, ಸರ್ವರ್ ಎಲ್ಲಕ್ಕೂ ಅರಿಸಿನ ಹಾರಿಸುವವನು ಅವನೇ. ಮೊದಲ ವರ್ಷ ಸರ್ವರಿನ ಡಬ್ಬಿಯ ಮೇಲೆ ಹಚ್ಚಲು ಹೋದಾಗ ಗೌಡರೇ ತಡೆದಿದ್ದರು: "ಮುಚ್ಚಳ ತಗೀಲೇ. ಅಂಗಿಗೆ ಹಚ್ಚಿದ್ರ ಹಣಿಗೆ ಹಚ್ಚಿದಂಗಾಕ್ಕೈತೇನು?"

ವಿಜಯಪುರದಲ್ಲಿ ಸೊಹೇಲನ ಕಂಪ್ಯೂಟರ್ ಅಂಗಡಿ ಅಂಗೈಯಗಲ. ಅವನು ಬೋರ್ಡನ್ನು ತಿರುವಿ ನೋಡಿ, "ಬಿಟ್ಟುಹೋಗ್ರಿ. ಒಮ್ಮೆ ಚೆಕ್ ಮಾಡತೀನಿ" ಎಂದ.

ಚೇತನಕುಮಾರ ಬೋರ್ಡಿಗೆ ಕೈ ಅಡ್ಡ ಹಿಡಿದ. ಚೆಕ್ ಮಾಡಿ ಬೇರೇನಾದರೂ ಹೇಳಿಬಿಟ್ಟರೆ?

"ನಾ ಎಲ್ಲಾ ನೋಡೇನ್ರಿ ಸೊಹೇಲಣ್ಣ. ಸತ್ತದ್ದರ ನಾಡಿ ಏನ್ ಹಿಡೀತೀರಿ? ಬಿಸಾಕ್ರಿ."

"ಹಂಗಾರ ನನಗ ಇರ್ಲಿ. ಬಿಡಿಭಾಗಕ್ಕರ ಆಗತೈತಿ. ಇದರ ಬದಲಿ ನಿನಗೊಂದು ಸ್ಪೆಷಲ್ ಚಾ ಕುಡಸ್ತೀನಿ. ಕುಂದರು, ಹೇಳಿ ಕಳಸ್ತೀನಿ."

"ಚಾ ಕುಡಿಯಾಕ ಪುರಸೊತ್ತೆಲ್ಲೈತಿ ಅಣ್ಣಾ? ಬಾಕಿ ಇಟಗೋರಿ" ಎಂದ ಚೇತನಕುಮಾರ.

ಸೊಹೇಲ ಹೊಸ ಬೋರ್ಡೊಂದನ್ನು ಡಬ್ಬಿಯಿಂದ ತೆಗೆದು, ಮದುವೆಯ ಸೀರೆ ತೋರಿಸುವವನಂತೆ ಮೇಜಿನ ಮೇಲೆ ಹಾಸಿದ. ಹಗಲೂ ರಾತ್ರಿ ಓಡುವ ಸರ್ವರಿಗೆಂದೇ ಮಾಡಿದ್ದು, ಕಾವು ತಡೆಯುತ್ತದೆ, ಮೆಮೊರಿಯಲ್ಲಿ ತಪ್ಪಾದರೆ ತಾನೇ ತಿದ್ದಿಕೊಳ್ಳುತ್ತದೆ ಎಂದೆಲ್ಲ ವಿವರಿಸಿದ. "ಪ್ರೊಸೆಸರೂ ಮೆಮೊರಿನೂ ಇದಕ್ಕ ಹೊಂದೂವು ಹೊಸಾವು ತಗೋಬೇಕಾಕ್ಕೈತ್ರಿ. ಆದ್ರ ಮೂರು ವರ್ಷ ಗ್ಯಾರಂಟಿ ಐತಿ ಗೌಡ್ರ."

"ಮೂರು ವರ್ಷಕ್ಕ ಸಾಯ್ತೈತಿ ಅಂತ ಕಂಪನಿಯವ್ರೇ ಬರದುಕೊಟ್ಟಾರೇನು?" ಎಂದರು ಗೌಡರು. "ಅದಿರ್ಲಿ. ಇದು ಇಲ್ಲೀತನಕ ಯಾರ ಮನ್ಯಾಗ ದುಡದೈತಿ?"

"ಯಾರ ಮನ್ಯಾಗೂ ಇಲ್ರಿ. ಹೊಸಾದು."

ಗೌಡರೂ ಅಮೋಘಿಯೂ ಮುಖ ಮುಖ ನೋಡಿಕೊಂಡರು. ನೊಗವನ್ನೇ ಕಾಣದ ಹೋರಿಯನ್ನು ಬಿತ್ತನೆಯ ದಿನ ಹೂಡಲು ಹೇಳಿದಂತಾಗಿತ್ತು.

"ಡಬ್ಬಿ ನೋಡಿ ಗುಣ ಹೇಳಾಕ ಬರೂದಿಲ್ರಿ ಗೌಡ್ರ" ಎಂದ ಅಮೋಘಿ. "ದುಡದು ತೋರಿಸಿದ್ದು ಬೇಕು. ಇಂಥವರ ಮನ್ಯಾಗ ಇತ್ತು, ಇಷ್ಟು ವರ್ಷ ಎಳೀತು, ಒಂದಿನಾ ಮಲಗಲಿಲ್ಲ ಅಂತ ನಾಕು ಮಂದಿ ಹೇಳಬೇಕು."

ಚೇತನಕುಮಾರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಮೋಘಿ ಮೊಬೈಲ್ ತೆಗೆದು ಎತ್ತುಗಳನ್ನು ಹುಡುಕುವ ದನಿಯಲ್ಲೇ ಊರೂರಿಗೆ ಫೋನು ಹಚ್ಚಿದ್ದ. ಮಾದರಿಯ ನಂಬರನ್ನು ಹಳೆಯ ಬೋರ್ಡಿನಿಂದ ಒಂದೊಂದೇ ಅಂಕಿಯಾಗಿ ಓದಿಸಿಕೊಂಡ. ಕಾಲು ಗಂಟೆಯೊಳಗೆ ಸುದ್ದಿ ಬಂತು. ಜೈನಾಪುರದ ಹಾಲಿನ ಡೇರಿಯಲ್ಲಿ ಇಂಥದೇ ಒಂದಿದೆ. ಅದು ಒಗ್ಗದಿದ್ದರೆ ಬಬಲೇಶ್ವರದ ಸಂಗನಬಸವನ ಅಂಗಡಿ ನೋಡಬಹುದು. ಅವನು ಹಳೆಯ ಸಾಮಾನು ತರಿಸುತ್ತಲೇ ಇರುತ್ತಾನೆ.

ಜೈನಾಪುರದಲ್ಲಿ ಡೇರಿಯ ಸೆಕ್ರೆಟರಿ ಸಿದ್ದರಾಯ ಇವರನ್ನು ಕಂಡದ್ದೇ ಕಂಪ್ಯೂಟರಿನ ಬೆನ್ನು ಚಪ್ಪರಿಸಿದ.

"ಬಂಗಾರದಂಥಾದ್ರಿ. ಮಗನ ಮದುವಿ ಇರದಿದ್ರ ಕೊಡೂ ಮಾತೇ ಇರ್ಲಿಲ್ಲ. ಐದು ವರ್ಷಾತು, ಒಂದಿನಾ ಹ್ಞಾಂ ಹ್ಞೂಂ ಅಂದಿಲ್ಲ."

ಊಟದ ಹೊತ್ತಾಗಿತ್ತು. ಸಿದ್ದರಾಯನ ತಾಯಿ ಮುರಿಗೆವ್ವ, ಬಂದವರನ್ನು ಉಣ್ಣದೆ ಕಳಿಸುವವಳಲ್ಲ. ಪಡಸಾಲೆಯಲ್ಲಿ ಕೂರಿಸಿ, ಸಜ್ಜಿರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಸೇಂಗಾ ಚಟ್ನಿ ಹಾಕುತ್ತ ಕೇಳಿದಳು.

"ಯಾವ ಊರಿಂದ ಬಂದೀರಿ ಯಪ್ಪಾ? ಏನ್ ಕೆಲಸಿತ್ತು?"

"ನಿಮ್ಮ ಡೇರಿ ಕಂಪ್ಯೂಟರಿನ ಬೋರ್ಡು ನೋಡಾಕ ಬಂದೇವು ಬೇ."

"ಅಯ್ಯ, ಅದನ್ನೇನ್ ನೋಡ್ತೀರಿ! ವಾರಕ್ಕ ಮೂರು ಸಲ ಕಣ್ಣ ಮುಚ್ಚತೈತಿ. ಇವಾ ಅದಕ್ಕ ಹೊಡದು ಹೊಡದು ಕೈ ಬಾವು ಬರಿಸ್ಕೊಂಡಾನ. ಒಂದಿನ ನಾ ಹಾಕಿದ ಹಾಲಿಗೆ ಪಕ್ಕದ ಮನಿ ಪೀರಾಂಬಿ ಹೆಸರು ಬಂತು ನೋಡ್ರಿ!"

ಸಿದ್ದರಾಯ ತಾಯಿಗೆ ಕಣ್ಸನ್ನೆ ಮಾಡಿದ. "ಕಣ್ಣಾಗ ಏನ್ ಬಿತ್ತೋ?" ಎಂದು ಕೇಳಿ ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಊಟ ಭಾರವಾಗಿ, ಗೌಡರು ಬೇವಿನ ನೆರಳಿನಲ್ಲಿ ಕಣ್ಣು ಮುಚ್ಚಿದರು. ಚೇತನಕುಮಾರ ಮಾತ್ರ ಸೂರ್ಯನನ್ನು ನೋಡುತ್ತ ಕೂತ. ಅದು ಒಂದೊಂದು ಗೇಣು ಇಳಿದ ಹಾಗೆಲ್ಲ ಶೈಲಾ ಖುರ್ಚಿಯನ್ನು ಒಂದೊಂದು ಗೇಣು ತನ್ನ ಕಡೆ ಎಳೆದುಕೊಂಡಂತೆ ಕಾಣುತ್ತಿತ್ತು.

ಬಬಲೇಶ್ವರ ಮುಟ್ಟಿದಾಗ ಬಿಸಿಲು ಬಾಗಿತ್ತು. ಸಂಗನಬಸವನ ಅಂಗಡಿಯಲ್ಲಿ ಜೆರಾಕ್ಸು, ಫೋಟೋ, ಕಂಪ್ಯೂಟರ್ ರಿಪೇರಿ, ಮದುವೆ ಕಾರ್ಡು ಎಲ್ಲವೂ ಇದ್ದವು. ಅವನು ಒಳಗಿನಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ತರುತ್ತಿದ್ದಂತೆ ಗೌಡರು ತಿರುಗಿ ನೋಡಿದರು.

"ಚೇತನಾ, ಎಲಿ ಅಡಕಿ ತಗೊಂಡು ಬಾ ಹೋಗು. ಯವಾರದಾಗ ಮೂರನೇ ಕಣ್ಣಿರಬಾರದು."

"ನಾ ಒಮ್ಮೆ ನೋಡಬೇಕಲ್ರಿ..."

"ಮುಂಜಾನೆ ಒಂದು ನೋಡಿ ಸಾಯಿಸೀದಿ. ಹೋಗು."

ಚೇತನಕುಮಾರ ಪಾನಪಟ್ಟಿಯಿಂದ ನೋಡುತ್ತಿದ್ದ. ಅಮೋಘಿ ಪೊಟ್ಟಣ ಬಿಚ್ಚಿ, ಬೋರ್ಡನ್ನು ಬಿಸಿಲಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಮೂಸಿಯೂ ನೋಡಿದ. ಗೌಡರ ಕಿವಿಯಲ್ಲಿ ಏನೋ ಹೇಳಿದ. ಗೌಡರ ಮುಖ ಅರಳಿತು. ಆಮೇಲೆ ಅಮೋಘಿಯ ಕೈಯೂ ಸಂಗನಬಸವನ ಕೈಯೂ ಟಾವೆಲ್ಲಿನ ಕೆಳಗೆ ಹೋದವು. ದನದ ಸಂತೆಯಲ್ಲಿ ಬೆಲೆ ಮಾಡುವುದು ಹೀಗೇ, ಬೆರಳು ಹಿಡಿದು. ಟಾವೆಲ್ಲು ಒಳಗೆ ಬೆಕ್ಕು ಹೊಕ್ಕಂತೆ ಅಲ್ಲಾಡಿತು. ಜೆರಾಕ್ಸ್ ಮಾಡಿಸಲು ಬಂದಿದ್ದ ಮಾಸ್ತರರೊಬ್ಬರು ಕಾಗದ ಮರೆತು ಅದನ್ನೇ ನೋಡುತ್ತ ನಿಂತರು. ಎರಡು ಸಲ ಸಂಗನಬಸವ ಕೈ ಕಿತ್ತುಕೊಂಡ, ಎರಡು ಸಲ ಅಮೋಘಿ ಮತ್ತೆ ಹಿಡಿದ. ಕೊನೆಗೆ ಇಬ್ಬರೂ ನಕ್ಕರು.

ಚೇತನಕುಮಾರ ಎಲೆ ಅಡಿಕೆ ತರುವಷ್ಟರಲ್ಲಿ ಬೋರ್ಡು ಗೌಡರ ಟಾವೆಲ್ಲಿನಲ್ಲಿ ಗಂಟಾಗಿ ಅವರ ತೊಡೆಯ ಮೇಲೆ ಕೂತಿತ್ತು. ತಿಕೋಟಾದ ದಾರಿಯುದ್ದಕ್ಕೂ ಅವರು ಅದರ ಬೆನ್ನು ಸವರಿದರು.

"ಆರು ವರ್ಷ ಒಂದೇ ಮನ್ಯಾಗ ದುಡದೈತಂತ, ಹಗಲೂ ರಾತ್ರಿ. ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಕೈಯಾಗ ಬಂದು ಇಳದೈತಿ. ನಮ್ಮ ಪುಣ್ಯೇನ ನೋಡು!"

"ಅಂಥಾದ್ದನ್ನ ಯಾಕ ಮಾರಿದ್ರಂತ್ರಿ?" ಎಂದು ಕೇಳಿದ ಚೇತನಕುಮಾರ.

ಅಮೋಘಿ ಬಿದ್ದು ಬಿದ್ದು ನಕ್ಕ. "ಯಾವನೋ ಒಬ್ಬ ಮಬ್ಬ, ಜೀವ ಇರೂದನ್ನ ಸತ್ತೈತಿ ಅಂತ ಬಿಸಾಕಿ ಹೋಗ್ಯಾನಂತ!"

"ಅಂಥವರ ಕೈಯಾಗ ಕಂಪ್ಯೂಟರ್ ಕೊಟ್ಟವರಿಗೆ ಮದ್ಲ ಬಡೀಬೇಕ್ರಿ" ಎಂದ ಚೇತನಕುಮಾರ. ಮೂವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ದೀಪ ಹಚ್ಚುವ ಹೊತ್ತಿಗೆ ಸಂಘದ ಆಫೀಸು ತುಂಬಿತ್ತು. ಶಂಕರೆಪ್ಪ ಮುಂದಿನ ಸಾಲಿನಲ್ಲೇ ಇದ್ದ. ಗೌಡರು ಟಾವೆಲ್ಲಿನ ಗಂಟು ಬಿಚ್ಚಿ ಬೋರ್ಡನ್ನು ಎರಡೂ ಕೈಯಿಂದ ಕೊಟ್ಟರು. ಚೇತನಕುಮಾರ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದ.

ಫ್ಯಾನು ಕೂರುವ ಜಾಗದಲ್ಲಿ ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿ ಬಿಗಿದಿತ್ತು. ಎರಡು ಸುತ್ತು, ಒಂದು ಕುಣಿಕೆ. ಅವನದೇ ಗಂಟು.

"ನೋಡಿದೇನು?" ಅಮೋಘಿ ಅವನ ಹೆಗಲ ಮೇಲಿಂದ ಬಾಗಿ ಬೋರ್ಡಿನ ಅಂಚಿನಲ್ಲಿ ಉಳಿದಿದ್ದ ಹಳದಿಯನ್ನು ಉಗುರಿನಿಂದ ತೋರಿಸಿದ. "ಭಂಡಾರ! ದೇವರ ಗುರುತಿರೂ ಮನಿ ಬೋರ್ಡು. ಇದನ್ನ ನೋಡೇ ನಾ ಗೌಡ್ರಿಗೆ ಕಣ್ಣು ಮುಚ್ಚಿ ತಗೋರಿ ಅಂದೆ."

ಚೇತನಕುಮಾರ ಮೊಬೈಲ್ ಹಿಡಿದು ಹಿತ್ತಿಲಿಗೆ ಓಡಿದ.

"ಸೊಹೇಲಣ್ಣ, ಮುಂಜಾನೆ ಬಿಟ್ಟ ಬೋರ್ಡು ಏನ್ ಮಾಡಿದ್ರಿ?"

"ಅದಾ? ಸತ್ತಿರ್ಲಿಲ್ಲಪಾ. ಮೆಮೊರಿ ಕೂರೂ ಸಂದಿಯೊಳಗ ಅರಿಸಿನ ತುಂಬಿತ್ತು. ನೀವೇನ್ ಅದರಾಗ ಪಲ್ಯಾ ಮಾಡ್ತಿದ್ರೇನು? ಬ್ರಶ್ಶಿಲೆ ಝಾಡಿಸಿದೆ, ಎದ್ದು ಕುಂತ್ತು. ಬಬಲೇಶ್ವರದ ಸಂಗನಬಸವ ಇಂಥಾದ್ದು ಬೇಕಂತ ಗಂಟು ಬಿದ್ದಿದ್ದ. ಕಂಡಕ್ಟರ್ ಬಂದೇನವಾಜನ ಕೈಯಾಗ ಕೊಟ್ಟು ಕಳಿಸೇನಿ. ನಿನ್ನ ಚಾ ಬಾಕಿ ಐತಿ ನೋಡು."

"ಈಗ ಪುರಸೊತ್ತಿಲ್ಲಣ್ಣಾ" ಎಂದು ಚೇತನಕುಮಾರ ಫೋನಿಟ್ಟ.

ಒಳಗೆ ಬಂದು ಬೋರ್ಡು ಕೂರಿಸಿದ. ಪ್ರೊಸೆಸರು, ಫ್ಯಾನು, ಮೆಮೊರಿ ಸಿಕ್ಕಿಸಿದ. ಗುಂಡಿ ಒತ್ತಿದ. ಸರ್ವರ್ ಗುಂಯ್ ಎಂದಿತು. ಪರದೆ ಬೆಳಗಿತು. ಬಾಕ್ಸುಗಳ ಲೆಕ್ಕವೆಲ್ಲ ಸಾಲಾಗಿ ಬಂದು ನಿಂತಿತು. ಆಫೀಸು ಚಪ್ಪಾಳೆ ತಟ್ಟಿತು. ಶಂಕರೆಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ.

"ಇದಕ್ಕ ಬೋರ್ಡು ಅಂತಾರ! ನಮ್ಮ ಹಳೇ ದರಿದ್ರ ಎಲ್ಲಿ, ಇದೆಲ್ಲಿ!" ಎಂದರು ಗೌಡರು. "ಖುರ್ಚಿ ಗಟ್ಟಿ ಆತಲೇ ಚೇತನಾ, ಕುಂದರು."

ಚೇತನಕುಮಾರ ಕೂತ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಸರ್ವರಿನ ಮುಚ್ಚಳಕ್ಕೆ ಕೈ ಹಾಕಿದ.

"ತಡಿ! ಹೊಸಾ ಜೀವ ಮನಿಗೆ ಬಂದೈತಿ, ಹಂಗ ಮುಚ್ಚತಾರೇನು? ಅಮೋಘೀ!" ಎಂದು ಕೂಗಿದರು ಗೌಡರು.

ಅಮೋಘಿ ಸೊಂಟದ ಚೀಲಕ್ಕೆ ಕೈ ಹಾಕಿದ್ದ. ಚೇತನಕುಮಾರ ಜಿಗಿದು ಸರ್ವರಿಗೆ ಅಡ್ಡ ನಿಂತ.

"ಬ್ಯಾಡ್ರೀ ಯಪ್ಪಾ! ಭಂಡಾರ ಬ್ಯಾಡ್ರಿ!"

ಅಮೋಘಿಯ ಹುಬ್ಬು ಮೇಲೇರಿತು. "ಯಾಕ?" ಎಂದರು ಗೌಡರು, ಮೆತ್ತಗೆ.

ಯಾಕೆಂದು ಹೇಳಿದರೆ ಹಳೆಯ ಬೋರ್ಡು ಯಾಕೆ ನಿಂತಿತ್ತೆಂದು ಹೇಳಬೇಕು. ಅದನ್ನು ಹೇಳಿದರೆ ಅದು ಸತ್ತಿರಲಿಲ್ಲವೆಂದು ಒಪ್ಪಬೇಕು. ಅದನ್ನು ಒಪ್ಪಿದರೆ ಆ ಮಬ್ಬ ಯಾರೆಂಬುದು ಆಫೀಸಿಗೆಲ್ಲ ಗೊತ್ತಾಗುತ್ತದೆ. ಚೇತನಕುಮಾರ ಪಕ್ಕಕ್ಕೆ ಸರಿದ.

"ಏಳು ಕೋಟಿಗೋ..." ಎಂದು ದೇವರ ಜಯಕಾರ ಕೂಗಿದ ಅಮೋಘಿ. ಹಿಡಿ ತುಂಬ ಭಂಡಾರ ಹಾರಿತು. ತಿರುಗುತ್ತಿದ್ದ ಫ್ಯಾನು ಅದನ್ನು ಭಕ್ತಿಯಿಂದ ಒಳಗೆಳೆದುಕೊಂಡು ಬೋರ್ಡಿಗೆಲ್ಲ ಹಂಚಿತು. ಒಂದು ಹಳದಿ ಮೋಡ ಎದ್ದು ಶಂಕರೆಪ್ಪನ ಮೀಸೆಯ ಮೇಲೆ ಇಳಿಯಿತು. ಸರ್ವರ್ ಒಮ್ಮೆ ಕೆಮ್ಮಿದಂತೆ ಮಾಡಿ, ಮೂರು ಸಲ ಕೂಂಯ್ ಎಂದಿತು. ಪರದೆ ಕತ್ತಲಾಯಿತು.

"ಒಂದು ಬ್ರಶ್ಶಿಲೆ ಝಾಡಿಸಿದ್ರ..." ಎಂದು ತೊದಲಿದ ಚೇತನಕುಮಾರ.

"ಬ್ರಶ್ಶಿಲೆ ಆಗೂದಿದ್ರ ಮುಂಜಾನೇ ಯಾಕ ಮಾಡ್ಲಿಲ್ಲ?" ಎಂದು ಕೇಳಿದರು ಗೌಡರು.

ಅದಕ್ಕೆ ಅವನಲ್ಲಿ ಉತ್ತರವಿತ್ತು. ಹೇಳುವ ಹಾಗಿರಲಿಲ್ಲ.

"ಒಂದೇ ದಿನಕ್ಕ ಎರಡು" ಎಂದರು ಗೌಡರು. "ಆರು ವರ್ಷ ಒಂದಿನಾ ಮಲಗದ್ದು ನಿನ್ನ ಕೈಯಾಗ ಒಂದು ತಾಸು ಬಾಳಲಿಲ್ಲ. ಬೋರ್ಡಿನ ಗುಣ ನೋಡಾಕ ಊರೂರು ತಿರುಗಿದ್ವಿ, ಕೈಗುಣ ನೋಡೂದು ಮರತ್ವಿ. ಶಂಕರೆಪ್ಪಾ, ನಾಳೆ ನಸಿಕಿನ್ಯಾಗ ಶೈಲಾನ್ನ ಕಳಸು. ಅಲ್ಲೀತನಕ ಇದನ್ನ ಯಾರೂ ಮುಟ್ಟಬ್ಯಾಡ್ರಿ."

ಶಂಕರೆಪ್ಪ ಹಳದಿ ಮೀಸೆಯ ಕೆಳಗೆ ನಕ್ಕ. ಜನ ಒಬ್ಬೊಬ್ಬರಾಗಿ ಎದ್ದುಹೋದರು.

ಚೇತನಕುಮಾರ ಖಾನೆಯಿಂದ ತನ್ನ ಊಟದ ಡಬ್ಬಿ ತೆಗೆದುಕೊಂಡ. ಅಲ್ಲೇ ಮೂಲೆಯಲ್ಲಿ ಬಾಕ್ಸುಗಳ ಮೇಲೆ ನಂಬರು ಬರೆಯುವ ಹಳೆಯ ಬ್ರಶ್ಶೊಂದು ಬಿದ್ದಿತ್ತು. ಅದನ್ನು ಒರೆಸಿ, ನಾಳೆ ಬರುವವಳಿಗೆ ಕಾಣುವಂತೆ ಕೀಬೋರ್ಡಿನ ಮೇಲೆ ಇಟ್ಟ. ಹೊರಗೆ ಬಂದು ಸೊಹೇಲನಿಗೆ ಫೋನು ಹಚ್ಚಿದ.

"ಅಣ್ಣಾ, ಆ ಬಾಕಿ ಚಾ ಐತಲ್ಲ. ನಾಳೆ ಬರ್ತೀನಿ."

"ಬಾರೋ ಮಾರಾಯಾ. ಯಾವ ಹೊತ್ತಿಗೆ?"

"ನೀವು ಹೇಳಿದ ಹೊತ್ತಿಗೆ. ನಾಳಿಂದ ಪುರಸೊತ್ತೇ ಐತಿ."